ಬೀಗರ ಭಾಷೆ

"ಇವರಿಗೆ ಹೇಳಿದೆಯಾ?" ತಾಯಿ ಮಗನನ್ನು ಕೇಳಿದರು, ತಮ್ಮ ಸ್ಪ್ಯಾನಿಷ್‌ನಲ್ಲಿ.

"ಇಲ್ಲಮ್ಮ. ವನಿತಾ ಬೇಡ ಅಂದಳು. ಹೊರಡುವಾಗ ಹೇಳಿದರಾಯಿತಂತೆ."

ಅಣ್ಣಯ್ಯ ಚಕ್ಕುಲಿ ತಟ್ಟೆಯನ್ನು ಅವರ ಮುಂದಕ್ಕೆ ಸರಿಸಿ, ಏನೂ ತಿಳಿಯದವನ ಹಾಗೆ ಹಲ್ಲು ಬಿಟ್ಟ. ಕಿವಿ ಮಾತ್ರ ಅವರ ಮಾತಿನ ಮೇಲೇ ಇತ್ತು. ಏಳು ತಿಂಗಳು ಒದ್ದಾಡಿದ್ದು ಇದಕ್ಕೇ ಅಲ್ಲವೇ?

ಗಾವಡಗೆರೆಯ ಹೊಗೆಸೊಪ್ಪಿನ ಬೆಳೆಗಾರ ಅಣ್ಣಯ್ಯನಿಗೆ ಇರುವುದು ಒಬ್ಬಳೇ ಮಗಳು. ವನಿತಾ ಕಾಕನಕೋಟೆ ಕಡೆಯ ಒಂದು ರೆಸಾರ್ಟಿನಲ್ಲಿ ಸಫಾರಿ ಗೈಡು. ಸೀಳುನಾಯಿಗಳನ್ನು ಅಧ್ಯಯನ ಮಾಡಲು ಸ್ಪೇನಿನಿಂದ ಬಂದ ರಾಮೋನನನ್ನು ಅಲ್ಲಿ ಮೆಚ್ಚಿಕೊಂಡಳು; ಕಟ್ಟಿಕೊಂಡರೆ ಅವನನ್ನೇ ಎಂದಳು. ಹೆಸರೇನೋ ರಾಮಣ್ಣ ಅಂತ ಕರೆಯುವ ಹಾಗಿತ್ತು. ಮಿಕ್ಕಿದ್ದು? ಅಲ್ಲೊಬ್ಬಳು ಹೆಂಡತಿ ಇದ್ದರೆ? "ನಿಮ್ಮೆದುರ್ಗೇ ಕೂತ್ಕಂಡು ಅವ್ರ ಭಾಷೇಲಿ ಮನೆ ಮುಳುಗ್ಸೋ ಮಾತಾಡುದ್ರೂ ನಿಮ್ಗೇನ್ ತಿಳೀತದೆ ಭಾವ?" ಎಂದು ಹೆಂಡತಿಯ ತಮ್ಮ ಮಲ್ಲೇಶ್ ತಲೆಗೆ ಹುಳ ಬಿಟ್ಟಿದ್ದ.

ಅಣ್ಣಯ್ಯ ಹಟಕ್ಕೆ ಬಿದ್ದ. ಅವನಿಗೆ ಮಾತಾಡಲು ಬರಬೇಕಾಗಿರಲಿಲ್ಲ. ಕೇಳಿದ್ದು ತಿಳಿದರೆ ಸಾಕಿತ್ತು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗೆ ಸೌದೆ ಒಟ್ಟುತ್ತ, ಫೋನಿನಲ್ಲಿ ಸ್ಪ್ಯಾನಿಷ್ ಪಾಠ ಹಾಕಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ. ಹೆಂಡತಿ ಸುನಂದಮ್ಮ ಕೇಳಿದರೆ ಹರಿಕತೆ ಅಂದ. ಮೊದಮೊದಲು ಒಂದು ಪದ ಎಲ್ಲಿ ಮುಗಿಯುತ್ತದೆ, ಇನ್ನೊಂದು ಎಲ್ಲಿ ಶುರುವಾಗುತ್ತದೆ ಅಂತಲೇ ಗೊತ್ತಾಗುತ್ತಿರಲಿಲ್ಲ; ಮೊರದಿಂದ ರಾಗಿ ಸುರಿದ ಹಾಗೆ ಬರೀ ಸದ್ದು. ವೇಗ ತಗ್ಗಿಸಿದ. ಎರಡು ನಿಮಿಷದ ಸಂಭಾಷಣೆಯನ್ನು ಹತ್ತು ಸಲ ಕೇಳಿದ. ಮೊದಲು ಬರಹ ನೋಡದೆ, ಆಮೇಲೆ ನೋಡಿಕೊಂಡು, ಮತ್ತೆ ಕಣ್ಣು ಮುಚ್ಚಿ. ತಿಳಿಯದ ಪದಕ್ಕೆ ಜೋತುಬಿದ್ದರೆ ಮುಂದಿನ ಮಾತೂ ಕೈತಪ್ಪುತ್ತದೆ, ಅದನ್ನು ಬಿಟ್ಟು ಮುಂದಕ್ಕೆ ಹೋಗಬೇಕು ಅನ್ನುವುದನ್ನು ಕಲಿಯಲಿಕ್ಕೇ ಎರಡು ತಿಂಗಳು ಹಿಡಿಯಿತು. ಮಗಳಿಗೂ ಹೇಳಲಿಲ್ಲ.

ಇವತ್ತು ಮದುವೆ ಮಾತುಕತೆ. ಊಟವಾದ ಮೇಲೆ ತಾಂಬೂಲದ ತಟ್ಟೆ ಬದಲಾಯಿಸಿಕೊಂಡರೆ ಮುಗಿಯಿತು, ಕೊಟ್ಟ ಮಾತಿಗೆ ತಪ್ಪುವ ಹಾಗಿಲ್ಲ. ಏನಿದ್ದರೂ ಅದಕ್ಕೆ ಮೊದಲೇ ತಿಳಿಯಬೇಕು.

ರಾಮೋನ್ ಈ ಮನೆಯಲ್ಲಿ 'ನಮಸ್ಕಾರ' ಬಿಟ್ಟರೆ ಕನ್ನಡದ ಇನ್ನೊಂದು ಮಾತು ಆಡಿದವನಲ್ಲ. ಎಲ್ಲವೂ ಇಂಗ್ಲಿಷಿನಲ್ಲಿ, ವನಿತಾಳ ಮೂಲಕ. ಅವಳೀಗ ಅಡುಗೆಮನೆಯಲ್ಲಿದ್ದಳು.

"ನಮ್ ತಿಂಡಿ ಇವ್ರಿಗೆಲ್ಲಿ ಸೇರ್ತದೆ? ಈವಮ್ಮ ಮುಟ್ಟೂ ನೋಡ್ನಿಲ್ಲ," ಎಂದು ಸುನಂದಮ್ಮ ನೆಂಟರ ಎದುರಿಗೇ ಗೊಣಗಿದಳು. ನಗುಮುಖ ಮಾತ್ರ ಕೆಡಿಸಿಕೊಳ್ಳಲಿಲ್ಲ.

ರಾಮೋನನ ತಾಯಿ ಪಿಲಾರ್ ಒಂದು ಚಕ್ಕುಲಿ ತೆಗೆದುಕೊಂಡು ಕಟಕಟ ಕಡಿದರು. ಇನ್ನೊಂದಕ್ಕೂ ಕೈ ಹಾಕಿದರು. ಪಾಪ, ಹಸಿದಿದ್ದರೋ ಏನೋ. ಆಮೇಲೆ ಮತ್ತೆ ಮಗನ ಕಡೆ ತಿರುಗಿದರು.

"ನಾಲ್ಕು ತಿಂಗಳಾಯಿತು. ಇನ್ನೂ ಎಷ್ಟು ಹೊತ್ತು ಮುಚ್ಚಿಡುವುದು? ಇವರ ಮುಖ ನೋಡಲಿಕ್ಕೆ ನನಗೆ ನಾಚಿಕೆಯಾಗುತ್ತಿದೆ."

ಒಂದಕ್ಷರ ಬಿಡದೆ ಅರ್ಥವಾಯಿತು. ಅರ್ಥವಾಗದಿದ್ದರೇ ಚೆನ್ನಾಗಿತ್ತು. ನಾಲ್ಕು ತಿಂಗಳು! ಅಷ್ಟರಲ್ಲಿ ವನಿತಾ ಕಾಫಿ ತಂದಳು. ಸೀರೆ ಸಡಿಲವಾಗಿ ಉಟ್ಟಿದ್ದಳು. ಬೆಳಿಗ್ಗೆ ತಿಂಡಿಯೂ ಬೇಡವೆಂದಿದ್ದಳು. ನೋಡಬಾರದು ಅಂದುಕೊಂಡರೂ ಅಣ್ಣಯ್ಯನ ಕಣ್ಣು ಮಗಳ ಹೊಟ್ಟೆಯ ಕಡೆಗೇ ಹೋಯಿತು. ಅವಳು ಒಳಗೆ ಹೋದದ್ದೇ ತಡ, ಹೆಂಡತಿಯ ಕಡೆ ವಾಲಿದ. ಮುಖದ ಮೇಲೆ ಅದೇ ನಗು.

"ಲೇ, ನಿನ್ ಮಗ್ಳು ಬಸ್ರಿ ಏನೇ?"

"ಥೂ! ಏನ್ ಮಾತೂಂತ ಆಡ್ತೀರಿ, ನೆಂಟ್ರ ಮುಂದೆ!"

"ಅವ್ರಿಗೇನ್ ತಿಳೀತದೆ, ಬುಡು. ನಗ್ತಾ ಕೇಳು. ನಾಲ್ಕು ತಿಂಗ್ಳಂತೆ. ಈಗ ಅವ್ರೇ ಮಾತಾಡ್ಕಂಡ್ರು."

"ಅವ್ರ ಮಾತು ನಿಮ್ಗೆಂಗ್ ತಿಳೀತು?"

"ಕಲ್ತಿವ್ನಿ ಕಣೇ! ಏಳು ತಿಂಗ್ಳಿಂದ ನಾನ್ ಕೇಳ್ತಿದ್ದದ್ದು ಹರಿಕತೆ ಅಲ್ಲ."

ಪಿಲಾರ್ ಕೈಯಲ್ಲಿದ್ದ ಕಾಫಿ ತುಳುಕಿ ಮಡಿಲಿಗೆ ಚೆಲ್ಲಿತು. ರಾಮೋನನ ಕಿವಿ ಕೆಂಪಗಾಯಿತು. ತಾಯಿ ಮಗನ ಮುಖ ನೋಡಿದರು, ಮಗ ತಾಯಿಯ ಮುಖ ನೋಡಿದ. ತಪ್ಪು ಮಾಡಿದವರ ಕೈ ನಡುಗದೆ ಇರುತ್ತದೆಯೇ ಎಂದುಕೊಂಡ ಅಣ್ಣಯ್ಯ.

ಸುನಂದಮ್ಮನ ಕಣ್ಣು ತುಂಬಿತು. "ಈಗೇನ್ರೀ ಮಾಡದು?"

"ತಾಂಬೂಲದ ತಟ್ಟೆ ಒಳ್ಗೇ ಇರ್ಲಿ. ಊಟಕ್ಕಿಕ್ಕಿ ಕಳ್ಸು. ನನ್ ಮಗ್ಳುನ್ನ ನಾನೇ ಸಾಕ್ತೀನಿ, ಆ ಮಗೀನೂ ಸಾಕ್ತೀನಿ. ಮೋಸಗಾರ್ರ ಮನೆಗೆ ಮಾತ್ರ ಕೊಡಾಕಿಲ್ಲ." ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು. ಇಡೀ ಊರೇ ಬೇಡವೆಂದರೂ ಮಗಳ ಆಸೆಗೆ ಹ್ಞೂಂ ಎಂದವನಿಗೆ ಅವಳು ಒಂದು ಮಾತು ಹೇಳಬಾರದಿತ್ತೇ?

ರಾಮೋನ್ ದಡಕ್ಕನೆ ಎದ್ದು ನಿಂತ. ಪಿಲಾರ್ ಅವನ ತೋಳು ಹಿಡಿದು ಕೂರಿಸಿದರು. ಕಾಫಿ ಲೋಟ ಕೆಳಗಿಟ್ಟು, ತಾವೇ ಎದ್ದು ಬಂದು ಅಣ್ಣಯ್ಯನ ಮುಂದೆ ನಿಂತು ಕೈ ಮುಗಿದರು.

ಅಣ್ಣಯ್ಯ ಉಸಿರು ಬಿಗಿಹಿಡಿದು ಕಿವಿಗೊಟ್ಟ. ಎಷ್ಟು ಬೇಗ ಮಾತಾಡಿದರೂ ಸರಿ, ಈ ಹೆಂಗಸಿನ ಸ್ಪ್ಯಾನಿಷ್‌ನಲ್ಲಿ ಒಂದು ಪದವೂ ತಪ್ಪಿಹೋಗಬಾರದು.

"ಬೀಗ್ರೆ, ನಿಮ್ ಮಗ್ಳು ಬಸ್ರಿ ಅಲ್ಲ ಕಣ್ರೀ," ಎಂದರು ಪಿಲಾರ್, ಒಂದೊಂದೇ ಪದ ಹುಡುಕಿ ಜೋಡಿಸುತ್ತ, "ನಾಲ್ಕು ತಿಂಗ್ಳಿಂದ ನಮ್ಗೆ ಕನ್ನಡ ಕಲಿಸ್ತಾವ್ಳೆ."