ಎಲೆಯ ತುದಿಯ ಗುಳಿಗೆ

ಗೃಹಪ್ರವೇಶದ ಊಟದಲ್ಲಿ ವಿಶಾಲಾಕ್ಷಿಯ ಎಲೆಗೆ ಉಪ್ಪು ಬಿತ್ತು, ಉಪ್ಪಿನಕಾಯಿ ಬಿತ್ತು, ಗುಳಿಗೆ ಮಾತ್ರ ಬೀಳಲಿಲ್ಲ. ಅದನ್ನು ಗಮನಿಸದೆ ಅವಳು ಹೋಳಿಗೆ ಮುರಿದು ಬಾಯಿಗಿಟ್ಟಳು.

ಜ್ವರದ ಬೆವರು, ಕೆಮ್ಮಿ ನುಂಗಿದ ಕಫ ನಾಲಿಗೆಯ ಮೇಲೆ ಬೆಚ್ಚಗೆ, ಲೋಳೆಯಾಗಿ ಹರಡಿದಂತಾಯಿತು. ಅವಳು ಎಲೆಯ ಮೇಲೇ ಉಗುಳಿದಳು.

ಯಾರನ್ನು ನೋಯಿಸಿ ಅಡುಗೆ ಮಾಡಿಸಿದರೂ ಆ ನೋವೇ ತಿನ್ನುವವರ ನಾಲಿಗೆಗೆ ರುಚಿಯಾಗಿ ಬರತೊಡಗಿದ ಮೇಲೆ, ಆ ರುಚಿಯೊಂದನ್ನೇ ಅಳಿಸುವ ಗುಳಿಗೆಯಿಲ್ಲದೆ ಯಾರೂ ಉಣ್ಣುತ್ತಿರಲಿಲ್ಲ.

ಮನೆಯೊಡತಿ ನಾಗವೇಣಿ ಓಡಿ ಬಂದಳು. "ಅಯ್ಯೋ, ನಿಮಗೆ ಗುಳಿಗೆ ಬಡಿಸೇ ಇಲ್ವಾ? ತಪ್ಪಾಯ್ತು ಕಣ್ರೀ."

"ಒಳಗೆ ಯಾರಿಗೋ ಹುಷಾರಿಲ್ಲ," ಎಂದಳು ವಿಶಾಲಾಕ್ಷಿ.

"ಹೋಳಿಗೆ ತಟ್ಟೋ ಸಿದ್ದಮ್ಮಂಗೆ ಬೆಳಿಗ್ಗೆಯಿಂದ ಜ್ವರ. ಮನೆಗೆ ಹೋಗ್ತೀನಿ ಅಂದ್ಲು. ಇಷ್ಟು ಜನಕ್ಕೆ ಇನ್ಯಾರು ತಟ್ತಾರೆ ಹೇಳಿ?" ಎನ್ನುತ್ತಾ ನಾಗವೇಣಿ ಬೇರೆ ಎಲೆ ಹಾಸಿ, ತುದಿಗೆ ಗುಳಿಗೆಯಿಟ್ಟಳು.

ಪಕ್ಕದವರೆಲ್ಲ ಊಟ ನಿಲ್ಲಿಸಿ ನೋಡುತ್ತಿದ್ದರು. ಪಂಕ್ತಿಯ ನಡುವೆ ಎದ್ದರೆ ಮನೆಯವರಿಗೆ ಅವಮಾನ. ವಿಶಾಲಾಕ್ಷಿ ಗುಳಿಗೆಯನ್ನು ನಾಲಿಗೆಯ ಕೆಳಗಿಟ್ಟಳು. ಹೇಸಿಗೆ ಕರಗಿಹೋಯಿತು.

ಮತ್ತೆ ಹೋಳಿಗೆ ತಂದವಳು ಸಿದ್ದಮ್ಮನೇ. ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಚೆನ್ನಾಗಿಲ್ವೇನಕ್ಕಾ? ಉಗುಳಿದ್ರಂತೆ."

"ಈಗ ಚೆನ್ನಾಗಿದೆ," ಎಂದಳು ವಿಶಾಲಾಕ್ಷಿ. "ಇನ್ನೊಂದು ಹಾಕು. ತುಪ್ಪ ಸ್ವಲ್ಪ ಜಾಸ್ತಿ."