ಮಗುವಿನ ದಾಖಲೆ ಎಂದರೆ

“ಆ ಹುಡುಗಿ ಇದ್ದಾಳಾ, ಇಲ್ವಾ? ಅಷ್ಟು ಹೇಳಿದ್ರೆ ಸಾಕು.”

ಮುದುಕ ಮೂರನೆಯ ಸಲ ಕೇಳಿದ. ಹುಡುಗಿಯ ಹೆಸರು, ಮನೆಯ ಗುರುತು ಎಲ್ಲ ಆಗಲೇ ಹೇಳಿದ್ದ. ಹೆಸರು ಕಿವಿಗೆ ಬಿದ್ದದ್ದೇ ಮಕ್ಕಳ ರಕ್ಷಣಾ ಕಚೇರಿಯ ದಾಖಲೆ ಕೋಣೆಯ ಗುಮಾಸ್ತೆ ಬಾಗಿಲು ಮುಂದೆ ಮಾಡಿ ಬಂದು ಕುಳಿತಿದ್ದಳು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಇಂಥವರನ್ನು ಬೇಕಾದಷ್ಟು ಕಂಡಿದ್ದಳು. ಹೊಡೆದು ಬಡಿದ ಅಪ್ಪಂದಿರು ಬೆಣ್ಣೆಯಂಥ ಮಾತಾಡಿಕೊಂಡು ಬರುತ್ತಾರೆ. ತಾವು ಬರಲಾಗದಿದ್ದರೆ ಹೀಗೆ ಒಬ್ಬ ಬಡಪಾಯಿಯನ್ನು ಕಳಿಸುತ್ತಾರೆ. ಸುಳಿವು ಸಿಕ್ಕರೆ ಬೆನ್ನು ಹತ್ತುತ್ತಾರೆ.

ಕಾನೂನನ್ನು ಬಾಯಿಪಾಠದಂತೆ ಒಪ್ಪಿಸಿದಳು. ಮಗುವಿನ ದಾಖಲೆ ಎಂದರೆ ಬರೀ ಕಡತವಲ್ಲ. ಹೆಸರು, ವಿಳಾಸ, ವೈದ್ಯರ ವರದಿ, ಕೊನೆಗೆ ಇದ್ದಾಳೆ ಇಲ್ಲ ಎಂಬ ಒಂದು ಮಾತೂ ದಾಖಲೆಯೇ. ಮಗು ಬೆಳೆದು ಮುದುಕಿಯಾದರೂ ಅದು ಮಗುವಿನ ದಾಖಲೆಯೇ. ಹೆತ್ತವರಿಗೂ ತೋರಿಸುವಂತಿಲ್ಲ.

“ನೀವು ಅವಳಿಗೆ ಏನಾಗಬೇಕು?”

“ಏನೂ ಆಗ್ಬೇಕಿಲ್ಲ. ಆ ಬೀದಿಗೆ ಕಾಗದ ಹಂಚ್ತಿದ್ದೆ.”

ಅವಳ ಕೈಯ ಪೆನ್ನು ನಿಂತಿತು. ಕಳಿಸಿದವರು ಯಾರೆಂದು ಗದರಿದಳು. ಯಾರೂ ಕಳಿಸಿಲ್ಲವೆಂದ ಮುದುಕ ತಡವರಿಸುತ್ತ ಹೇಳಿದ: ಮೂವತ್ತು ವರ್ಷದ ಹಿಂದೆ, ಹೊರಗಿನಿಂದ ಬೀಗ ಹಾಕಿದ ಮನೆ. ಕಿಟಕಿಯಲ್ಲಿ ಆರೇಳು ವರ್ಷದ ಹುಡುಗಿ. ತನಗೇನಾದರೂ ಕಾಗದ ಬಂದಿದೆಯೇ ಎಂದು ದಿನಾ ಕೇಳುತ್ತಿದ್ದಳು. ಇವನು ಹಳೆಯ ಅಂಚೆಚೀಟಿಯೊಂದನ್ನು ಸರಳುಗಳ ನಡುವೆ ತೂರಿಸಿ ಹೋಗುತ್ತಿದ್ದ. ಒಂದು ದಿನ ಅದಕ್ಕೆ ಚಾಚಿದ ಕೈ ತುಂಬ ಸುಟ್ಟ ಬೊಬ್ಬೆ.

“ಜನ್ಮವೆಲ್ಲ ಬೇರೆಯವರ ಕಾಗದ ಹಂಚಿದೆ. ಅವತ್ತು ನಾನೇ ಒಂದು ಬರೆದು ಈ ಕಚೇರಿಗೆ ಹಾಕ್ದೆ. ಹೆಸರು ಹಾಕೋ ಧೈರ್ಯ ಆಗ್ಲಿಲ್ಲ. ಮುಂದಿನ ವಾರ ಹೋದ್ರೆ ಮನೆ ಖಾಲಿ. ನನ್ನಿಂದ ಅವಳಿಗೆ ಒಳ್ಳೇದಾಯ್ತೋ ಕೆಟ್ಟದ್ದಾಯ್ತೋ, ಗೊತ್ತಾಗ್ದೆ ಸಾಯೋಕೆ ಮನಸ್ಸಿಲ್ಲ.”

ಅಂಚೆಚೀಟಿಯ ಮಾತು ಕಡತದಲ್ಲಿ ಎಲ್ಲೂ ಇರಲಿಲ್ಲ. ಕಪಾಟು ತೆರೆಯದೆಯೂ ಗುಮಾಸ್ತೆಗೆ ಅದು ಗೊತ್ತಿತ್ತು.

ಎದ್ದಳು. ಕೂತಳು. ಲೋಟದ ನೀರನ್ನು ಒಂದೇ ಗುಟುಕಿಗೆ ಕುಡಿದಳು. ಒಬ್ಬರು ಒಪ್ಪಿದರೆ ಮಾತ್ರ ಹೇಳಬಹುದು ಎಂದಳು.

“ಯಾರು, ಸಾಹೇಬ್ರಾ?”

“ಅಲ್ಲ. ಆ ಹುಡುಗಿ.”

“ಅವಳನ್ನ ನಾನೆಲ್ಲಿ ಹುಡುಕ್ಲಿ, ತಾಯಿ?” ಮುದುಕ ಮೇಜು ಹಿಡಿದು ಏಳಲು ನೋಡಿದ.

“ಕೂತ್ಕೊಳ್ಳಿ,” ಎಂದಳು ಗುಮಾಸ್ತೆ. “ನಾನು ಒಪ್ಪಿದೀನಿ. ಚೆನ್ನಾಗಿದೀನಿ.”