ಮುರುಗೆಪ್ಪ ಸರ್ ಸಾಕಿದ ಮೊಲ

ಮಂದಾಕಿನಿಯ ಪರೀಕ್ಷೆಯ ಪಟ್ಟಿ ಈ ಸಲವೂ ಬೆಳ್ಳಗೇ ಉಳಿಯಿತು.

"ಮತ್ತ ಕೆಡಿಸಿದಿ!" ವಿಭಾಗದ ಮುಖ್ಯಸ್ಥ ಮುರುಗೆಪ್ಪ ಸರ್ ಮೇಜು ಗುದ್ದಿದರು. "ಎಷ್ಟು ಸಲ ಕರಗಿಸಿ ಮತ್ತ ಫ್ರೀಜರಿಗೆ ತುರುಕಿದಿ? ಆಂಟಿಬಾಡಿ ಅಂದ್ರ ಪುಂಡಿಪಲ್ಯ ಅಲ್ಲವ್ವಾ, ದಿನಾ ಬಿಸಿ ಮಾಡಿ ಉಣ್ಣಾಕ!"

ಬೈಯಲು ಸರ್‌ಗೆ ಕಾರಣ ಬೇಕಿರಲಿಲ್ಲ. ಸಿಕ್ಕ ಕಾರಣವನ್ನು ಬಿಡುವ ದೊಡ್ಡತನವೂ ಇರಲಿಲ್ಲ.

ಜೋಳದ ಕಾಡಿಗೆ ರೋಗವನ್ನು ಬೀಜದಲ್ಲೇ ಹಿಡಿಯುವ ವಿದ್ಯೆ ಅದು. ರೋಗದ ಪ್ರೋಟೀನನ್ನು ಮೊಲಕ್ಕೆ ಚುಚ್ಚಬೇಕು. ಮೊಲದ ಮೈ ಸಿಟ್ಟಿಗೆದ್ದು, ಆ ಪ್ರೋಟೀನಿನ ಗುರುತು ಹಿಡಿಯುವ ಪ್ರತಿಕಾಯಗಳನ್ನು, ಅಂದರೆ ಆಂಟಿಬಾಡಿಗಳನ್ನು, ರಕ್ತದಲ್ಲಿ ಹುಟ್ಟಿಸುತ್ತದೆ. ಆ ರಕ್ತದ ತಿಳಿಯನ್ನು ಬೀಜದ ರಸ ಹೀರಿದ ಪಟ್ಟಿಗೆ ಹಾಯಿಸಿದರೆ, ರೋಗವಿದ್ದಲ್ಲಿ ಕಂದು ಗೆರೆ ಮೂಡುತ್ತದೆ.

ಸರ್‌ನ ಮೆಚ್ಚಿನ ಶಿಷ್ಯ ದುರ್ಗೇಶನಿಗೆ, ಮಂದಾಕಿನಿಗೆ ಕೊಟ್ಟ ಅದೇ ರೋಗದ ಬೀಜದಲ್ಲೇ, ಪ್ರತಿ ಸಲ ಗೆರೆ ಮೂಡುತ್ತಿತ್ತು. ಅಚ್ಚು ಹೊಡೆದ ಹಾಗೆ. ಆ ಗೆರೆಗಳ ಮೇಲೆ ಸರ್‌ಗೆ ಎರಡು ಶಾಲು, ಒಂದು ಪ್ರಶಸ್ತಿ ಬಂದಿದ್ದವು.

ಮಂದಾಕಿನಿ ಬರುವ ಮೊದಲೇ ತಿಳಿ ತಯಾರಾಗಿತ್ತು. ಅವಳು ಅದನ್ನು ಸಣ್ಣ ಸಣ್ಣ ನಳಿಕೆಗಳಿಗೆ ಹಂಚಿ ಹೆಪ್ಪುಗಟ್ಟಿಸಿದ್ದಳು. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಿದವಳಲ್ಲ. ಧಾರವಾಡದಲ್ಲಿ ಕರೆಂಟು ಹೋದಾಗಲೆಲ್ಲ ಫ್ರೀಜರಿನ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಯಾರೂ ತೆರೆಯದಂತೆ ಕಾದಿದ್ದಳು.

"ಕೂಸಿನ ತೊಟ್ಟಿಲಾ ಕಾದಂಗ ಕಾಯ್ತೀರಲ್ರಿ ಅಕ್ಕಾರ," ಎಂದು ಕಸ ಹೊಡೆಯುವ ಬೀರವ್ವ ನಗುತ್ತಿದ್ದಳು.

ಇವತ್ತು ಆ ನಗುವೂ ಇರಲಿಲ್ಲ. ಹೊರಗಿನಿಂದ ಪರೀಕ್ಷಕ ಗುರುಶಿದ್ದಪ್ಪನವರು ಬಂದಿದ್ದರು. ಅವರು ಹೂಂ ಎಂದು ತಲೆಯಾಡಿಸಿದರೆ ಸಂಶೋಧನೆಯಿಂದ ಮಂದಾಕಿನಿಯ ಹೆಸರು ಹೊಡೆದು ಹಾಕುವುದೆಂದು ಸರ್ ನಿರ್ಧರಿಸಿಬಿಟ್ಟಿದ್ದರು.

"ನಾಳಿಂದ ನಿಮ್ಮೂರು ಬೆಂಗೇರಿಯೊಳಗ ರೊಟ್ಟಿ ಬಡಿಯವ್ವಾ. ಅದಕ್ಕ ಆಂಟಿಬಾಡಿ ಬೇಕಾಗಂಗಿಲ್ಲ."

ಗುರುಶಿದ್ದಪ್ಪನವರು ಮಂದಾಕಿನಿಯ, ದುರ್ಗೇಶನ ಎರಡೂ ಪಟ್ಟಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ನಿನ್ನದಕ್ಕ ಗೆರಿ ಯಾಕ ಬಂದಿಲ್ಲವ್ವಾ, ತಂಗಿ?"

"ಗೊತ್ತಿಲ್ರಿ. ಬರಲಾರದ್ದನ್ನ ಬಂತು ಅನ್ನಾಕ ನನಗ ಬರಂಗಿಲ್ರಿ."

"ದುರ್ಗೇಶ ಅವರದು ಭಾಳ ಛಲೋ ಬಂದೈತಿ," ಎಂದರು. "ಇಬ್ಬರದೂ ಒಂದ ಮೊಲದ ರಕ್ತ ಏನ್ರಿ, ಮುರುಗೆಪ್ಪನವರ?"

"ಒಂದ ರೀ! ಆ ಮೊಲ ಈಗ ಹೆಬ್ಬಳ್ಳಿಯೊಳಗ, ನಮ್ಮ ಹೊಲದಾಗ ಕರಕಿ ಹುಲ್ಲು ತಿನ್ಕೋತ ಆರಾಮ ಐತ್ರಿ. ನಮ್ಮದು ಆಚಾರದ ಮನಿತನ. ವಿಜ್ಞಾನ ಅಂತ ದಯಾ ಬಿಡಾಕಾಗತೈತೇನ್ರಿ?"

"ಛಲೋ ಆತು. ರಕ್ತ ಯಾವಾಗ ತಗದ್ರಿ?"

ಸರ್ ಎದೆಯುಬ್ಬಿಸಿದರು. ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು.

"ಶ್ರಾವಣದಾಗ ನಾವು ರಕ್ತ ಹರಿಸಂಗಿಲ್ರಿ, ಅದಕ್ಕ ನಾನ ಮುಂದ ನಿಂತು ಆಷಾಢದಾಗ ರಕ್ತ ತಗಿಸಿಟ್ಟು, ಪ್ರೋಟೀನಿನ ಸೂಜಿ ಎಲ್ಲಾ ಆಮ್ಯಾಲೆ ಚುಚ್ಚಿಸೀನಿ, ಮತ್ತ ಒಂದು ಹನಿ ರಕ್ತಾನೂ ಮುಟ್ಟಿಲ್ರಿ!"